ಮೊದಲು ಅಳೆಯಿರಿ, ಆಮೇಲೆ ಸೆಲ್ ಹಾಕಿರಿ



ಕಳೆದ ಬೇಸಿಗೆಯ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮಗನನ್ನು ಕರೆದುಕೊಂಡು ದಾಂಡೇಲಿಯ ನಮ್ಮ ಮನೆಗೆ ಬಂದಿದ್ದ. ಹುಡುಗನ ಕೈಯಲ್ಲಿ ರೇಡಿಯೊ ಕಿಟ್ಟಿನ ಪೆಟ್ಟಿಗೆಯಿತ್ತು. ಎರಡು ದಿನ ಜಗಲಿಯ ಮೇಲೆ ಕುಳಿತು ಬೆಸುಗೆ ಹಾಕಿ ಮುಗಿಸಿದ. ಸೆಲ್ ಹಾಕಲು ಹೊರಟವನನ್ನು ತಡೆದು ನಾನು ಕಪಾಟಿನಿಂದ ಹಳೆಯ ಮಲ್ಟಿಮೀಟರನ್ನು ತೆಗೆದೆ. ಅವನ ತಂದೆ ನಕ್ಕುಬಿಟ್ಟ. "ಸರ, ಎಲ್ಲಾ ಫ್ಯಾಕ್ಟರಿಯೊಳಗ ಟೆಸ್ಟ್ ಆಗೇ ಬಂದಿರ್ತಾವು. ಮೀಟರ್ ಹಿಡಕೊಂಡು ಕೂಡೂದು ಟೈಮ್ ವೇಸ್ಟ್. ಸ್ವಿಚ್ ಹಾಕಿ ನೋಡಿದ್ರ ಗೊತ್ತಾಗ್ತದ."

ಮನೆಗೆ ಬಂದವನೊಡನೆ ವಾದ ಸಲ್ಲದೆಂದು ಅಂದು ಸುಮ್ಮನಾದೆ. ಇಂದು ಸುಮ್ಮನಿರಲಾರೆ. ಏಕೆಂದರೆ ಇದೇ ಮಾತನ್ನು ನಾನೂ ಒಮ್ಮೆ ಆಡಿದ್ದೆ. ಅದರ ಬೆಲೆಯನ್ನು ತೆತ್ತವನು ಮಾತ್ರ ಬೇರೊಬ್ಬ.

1979ರ ಸುಮಾರು. ಹಳಿಯಾಳ ತಾಲೂಕಿನ ಶಾಲೆಯೊಂದರಲ್ಲಿ ನಾನು ವಿಜ್ಞಾನ ಬೋಧಿಸುತ್ತಿದ್ದೆ. ಆಗಿನ ಸೂಪಾ ತಾಲೂಕಿನ, ಅಂದರೆ ಇಂದಿನ ಜೋಯಿಡಾದ ಕಡೆಯ ಹುಡುಗನೊಬ್ಬ ಹತ್ತನೆಯ ತರಗತಿಯಲ್ಲಿದ್ದ. ಅವನ ಊರಿಗೆ ವಿದ್ಯುತ್ ಬಂದಿರಲಿಲ್ಲ. ಊರಿನ ಜನ ಧಾರವಾಡ ಆಕಾಶವಾಣಿಯನ್ನು ಕೇಳಬೇಕಾದರೆ ಸೆಲ್ಲಿನ ರೇಡಿಯೊ ಒಂದೇ ಗತಿ. ಭತ್ತದ ಕೊಯ್ಲಿನ ಕೂಲಿಯಲ್ಲಿ ಉಳಿಸಿದ ಹಣದಿಂದ ಅವನು ಹುಬ್ಬಳ್ಳಿಯಿಂದ ಕಿಟ್ಟೊಂದನ್ನು ತರಿಸಿಕೊಂಡ. ಮರುದಿನ ಶಾಲೆಯ ವಸ್ತುಪ್ರದರ್ಶನ. ರಾತ್ರಿ ಕಂದೀಲಿನ ಬೆಳಕಿನಲ್ಲಿ ಬೆಸುಗೆ ಮುಗಿಯಿತು. "ಸರ, ಒಮ್ಮೆ ಮೀಟರ್ ಹಚ್ಚಿ ನೋಡ್ಲೇನ್ರಿ?" ಎಂದು ಕೇಳಿದ. "ಹೊತ್ತಾಯಿತು, ಸೆಲ್ ಹಾಕು" ಎಂದೆ. ಅರ್ಧ ನಿಮಿಷದಲ್ಲಿ ಸುಟ್ಟ ವಾಸನೆ ಬಂತು.

ಆದದ್ದಿಷ್ಟು. ಕಂದು, ಕಪ್ಪು, ಕಿತ್ತಳೆ ಪಟ್ಟಿಯ 10,000 ಓಮಿನ ರೆಸಿಸ್ಟರು ಇರಬೇಕಾದಲ್ಲಿ ಕಂದು, ಕಪ್ಪು, ಕಂದು ಪಟ್ಟಿಯ 100 ಓಮಿನದು ಕುಳಿತಿತ್ತು. ಕಂದೀಲಿನ ಬೆಳಕಿಗೆ ಕಿತ್ತಳೆಯೂ ಕಂದೇ. 6 ವೋಲ್ಟಿಗೆ ಹೆಚ್ಚೆಂದರೆ 0.6 ಮಿಲಿಆಂಪಿಯರ್ ಹರಿಯಬೇಕಾದ ದಾರಿಯಲ್ಲಿ ಅದರ ನೂರು ಪಟ್ಟು ಹರಿಯಲು ಬಾಗಿಲು ತೆರೆದಂತಾಯಿತು. ಜರ್ಮೇನಿಯಮ್ ಟ್ರಾನ್ಸಿಸ್ಟರು ಆ ಕಾವನ್ನು ತಡೆಯಲಿಲ್ಲ. ಮೀಟರಿನ ಮುಳ್ಳು ಅದನ್ನು ಮೂರು ಸೆಕೆಂಡಿನಲ್ಲಿ ಹೇಳುತ್ತಿತ್ತು.

"ಫ್ಯಾಕ್ಟರಿಯಲ್ಲಿ ಪರೀಕ್ಷೆಯಾಗಿ ಬಂದಿರುತ್ತದೆ" ಎನ್ನುವವರು ಗಮನಿಸಬೇಕು: ಆ 100 ಓಮಿನ ರೆಸಿಸ್ಟರಿನಲ್ಲಿ ಯಾವ ದೋಷವೂ ಇರಲಿಲ್ಲ. ದೋಷವಿದ್ದದ್ದು ಅದನ್ನು ಅಲ್ಲಿ ಕೂರಿಸಿದ ಕೈಯಲ್ಲಿ, ಅವಸರಿಸಿದ ಮಾಸ್ತರನಲ್ಲಿ. ಕಾರ್ಖಾನೆ ತನ್ನ ವಸ್ತುವನ್ನು ಪರೀಕ್ಷಿಸಿ ಕಳುಹಿಸಬಲ್ಲದು, ನಮ್ಮ ಕೆಲಸವನ್ನು ಪರೀಕ್ಷಿಸಲಾರದು.

"ಬೋರ್ಡಿನ ಮೇಲೆ ಅಳೆದರೆ ಮೀಟರು ಸುಳ್ಳು ಹೇಳುತ್ತದೆ" ಎಂಬುದು ಇನ್ನೊಂದು ಆಕ್ಷೇಪ. ಮೀಟರು ಸುಳ್ಳು ಹೇಳುವುದಿಲ್ಲ. ಕೇಳಿದ ಪ್ರಶ್ನೆಗೆ ಉತ್ತರಿಸುತ್ತದೆ. 10,000 ಓಮಿನ ರೆಸಿಸ್ಟರಿಗೆ ಸಮಾಂತರವಾಗಿ ಅಷ್ಟೇ ಬೆಲೆಯ ಇನ್ನೊಂದು ದಾರಿಯಿದ್ದರೆ ಅದು 5,000 ಎಂದೇ ತೋರಿಸಬೇಕು. ಟ್ರಾನ್ಸಿಸ್ಟರುಗಳಿದ್ದಲ್ಲಿ ಕಡ್ಡಿಗಳನ್ನು ಅದಲುಬದಲು ಮಾಡಿದರೆ ಅಳತೆಯೂ ಬದಲಾದೀತು. ಆದ್ದರಿಂದ ಬೋರ್ಡಿನ ಮೇಲೆ ಗುರುತಿಗಿಂತ ಕಡಿಮೆ ಬಂದರೆ ಗಾಬರಿ ಬೇಡ, ಒಂದು ಕಾಲನ್ನು ಬಿಡಿಸಿ ಮತ್ತೆ ಅಳೆಯಿರಿ. ಸೆಲ್ ತೆಗೆದು, ಕೆಪಾಸಿಟರುಗಳು ಬರಿದಾದ ಮೇಲೂ ಗುರುತಿಗಿಂತ ಬಹಳ ಹೆಚ್ಚು ಬಂದರೆ ಮಾತ್ರ ಆ ರೆಸಿಸ್ಟರು ಕೆಟ್ಟಿದೆ, ಅಥವಾ ತಪ್ಪು ಜಾಗದಲ್ಲಿದೆ, ಇಲ್ಲವೇ ಬೆಸುಗೆ ಹಿಡಿದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಸೆಲ್ಲಿನ ಎರಡು ತಂತಿಗಳ ನಡುವೆ ಅಳೆಯಿರಿ. ಮುಳ್ಳು ಒಮ್ಮೆ ಜಿಗಿದು ಹಿಂದಕ್ಕೆ ಬಂದರೆ ಕೆಪಾಸಿಟರು ತುಂಬಿಕೊಂಡಿತೆಂದು ಅರ್ಥ. ಸೊನ್ನೆಯ ಬಳಿಯೇ ನಿಂತುಬಿಟ್ಟರೆ ಎಲ್ಲೋ ಬೆಸುಗೆಯ ಹನಿ ಎರಡು ಗೆರೆಗಳನ್ನು ಕೂಡಿಸಿದೆ. ಅದನ್ನು ಹುಡುಕುವವರೆಗೆ ಸೆಲ್ ಮುಟ್ಟಬಾರದು.

ಇವೆಲ್ಲ ಪುಸ್ತಕದಲ್ಲಿರಬಹುದು. ಆದರೆ ಮುಂಡಗೋಡಿನ ಬೇಸಿಗೆಯಲ್ಲಿ ಸರಿಯಾಗಿ ನುಡಿದ ಬೋರ್ಡು ಜೋಯಿಡಾದ ಆಷಾಢದ ಮಳೆಯಲ್ಲಿ ಏಕೆ ಗೊರಗೊರ ಎನ್ನುತ್ತದೆಂಬುದು, ತೇವ ಹೀರಿದ ಬೋರ್ಡಿನ ಎರಡು ಗೆರೆಗಳ ನಡುವೆ ಮೀಟರು ಹಚ್ಚಿದವನಿಗೇ ತಿಳಿಯುತ್ತದೆ.

ನಮ್ಮ ಶಾಲೆಗಳು ಮಾಡುತ್ತಿರುವುದೇನು? ಬಣ್ಣದ ಪಟ್ಟಿಗಳ ಕ್ರಮವನ್ನು ಬಾಯಿಪಾಠ ಮಾಡಿಸಿ ಅಂಕ ಕೊಡುತ್ತೇವೆ. ಮಗುವಿನ ಕೈಗೆ ರೆಸಿಸ್ಟರೂ ಬರುವುದಿಲ್ಲ, ಮೀಟರೂ ಬರುವುದಿಲ್ಲ. ಈಗ ಕಂಪ್ಯೂಟರಿನ ಪರದೆಯ ಮೇಲೆ ಪ್ರಯೋಗ ಮಾಡಿಸುವ ಹೊಸ ಸಂಭ್ರಮ ಬಂದಿದೆ. ಪರದೆಯ ಮೇಲಿನ ರೆಸಿಸ್ಟರು ಸಾಮಾನ್ಯವಾಗಿ ಕರಾರುವಾಕ್ಕಾಗಿ 10,000 ಓಮ್ ತೋರಿಸುತ್ತದೆ. ಕೈಯಲ್ಲಿರುವುದು 9,870 ತೋರಿಸುತ್ತದೆ. ಚಿನ್ನದ ಪಟ್ಟಿಯಿದ್ದರೆ ಶೇಕಡಾ 5ರ ವ್ಯತ್ಯಾಸ ಸಲ್ಲುತ್ತದೆ; 9,500ರಿಂದ 10,500ರವರೆಗೆ ಏನು ಬಂದರೂ ಸರಿಯೇ. ಎಷ್ಟು ತಪ್ಪನ್ನು ಒಪ್ಪಬಹುದು, ಎಷ್ಟನ್ನು ಒಪ್ಪಬಾರದು ಎಂಬ ಈ ವಿವೇಕವನ್ನು ಪರದೆ ಕಲಿಸದು.

"ರೇಡಿಯೊ ಈಗ ಯಾರಿಗೆ ಬೇಕು?" ಎನ್ನುತ್ತೀರಿ. ರೇಡಿಯೊ ಬೇಡವಾಗಿರಬಹುದು. ಹೇಳಿದ್ದನ್ನು ನಂಬುವ ಮುನ್ನ ಅಳೆದು ನೋಡುವ ಮನಸ್ಸು ಬೇಡವೇ? ಅದನ್ನು ಇಷ್ಟು ಅಗ್ಗವಾಗಿ ಕಲಿಸುವ ಬೇರೆ ಸಾಧನವನ್ನು ನಾನು ಕಂಡಿಲ್ಲ.

ಮೊಮ್ಮಗನ ವಯಸ್ಸಿನ ಆ ಹುಡುಗ ಅಂದು ಇಪ್ಪತ್ತು ನಿಮಿಷ ಕುಳಿತು ಒಂದೊಂದನ್ನೂ ಅಳೆದು ಬರೆದುಕೊಂಡ. ಒಂದು ತಪ್ಪೂ ಸಿಗಲಿಲ್ಲ. ತಂದೆ ಗೆದ್ದವನಂತೆ ನನ್ನತ್ತ ನೋಡಿದ. ಆದರೆ ಸೆಲ್ ಹಾಕುವಾಗ ಹುಡುಗನ ಕೈ ನಡುಗಲಿಲ್ಲ. ರೇಡಿಯೊ ನುಡಿಯಿತು.

1979ರ ಹುಡುಗನ ಕೈ ನಡುಗಿತ್ತು. ಅವನಿಗೆ ಅನುಮಾನವಿತ್ತು, ಅದಕ್ಕೇ ಕೇಳಿದ್ದ. ವಸ್ತುಪ್ರದರ್ಶನಕ್ಕೆ ಅವನು ಬರಲಿಲ್ಲ. ಆಮೇಲೆ ಬೆಸುಗೆಯ ಕಡ್ಡಿಯನ್ನು ಮುಟ್ಟಲೂ ಇಲ್ಲ. ಹೊಸ ಟ್ರಾನ್ಸಿಸ್ಟರು ತರಿಸಿಕೊಡುತ್ತೇನೆಂದೆ, ಬೇಡವೆಂದ. ತಪ್ಪು ನನ್ನದೆಂದು ಮಾತ್ರ ಅಂದು ನಾನು ಹೇಳಲಿಲ್ಲ. ಅಪ್ಪಾ, ನೀನು ಇದನ್ನು ಓದುತ್ತಿದ್ದರೆ ತಿಳಿದುಕೋ: ನೀನು ಕೇಳಿದ್ದೇ ಸರಿಯಿತ್ತು.