ದೋಷ ಹುಡುಕಿದ್ದಕ್ಕೂ ಕೂಲಿ ಕೊಡಿ

ಕೆಟ್ಟ ಆಂಪ್ಲಿಫೈಯರ್ ಹಿಡಿದು ಅಂಗಡಿ ಅಂಗಡಿ ಅಲೆದವರೆಲ್ಲ ಹೇಳುವುದು ಒಂದೇ: ನಂಬುವಂಥ ರಿಪೇರಿಯವರು ಸಿಗುತ್ತಿಲ್ಲ. ಜಾತ್ರೆಗೆ ಮೈಕ್‌ಸೆಟ್ ಬಾಡಿಗೆಗೆ ಕೊಡುವವರದೂ ಇದೇ ದೂರು, ಮನೆಯಲ್ಲಿ ಹಳೆಯ ಸ್ಟೀರಿಯೊ ಜೋಪಾನ ಮಾಡಿದವರದೂ ಇದೇ ದೂರು. ದೂರು ಸುಳ್ಳಲ್ಲ. ಆದರೆ ಅದರಲ್ಲಿ ನಮ್ಮ ಪಾಲೂ ಇದೆ. ಬಿಡಿಭಾಗಕ್ಕೆ ಎಣಿಸಿ ಹಣ ಕೊಡುವ ನಾವು, ದೋಷ ಎಲ್ಲಿದೆಯೆಂದು ಹುಡುಕಿದ್ದಕ್ಕೆ ಕೊಡುವುದಿಲ್ಲ.

ಆಂಪ್ಲಿಫೈಯರಿನಲ್ಲಿ ಸುಟ್ಟು ಕಪ್ಪಾದ ಭಾಗವೇ ರೋಗದ ಮೂಲ ಎನ್ನುವಂತಿಲ್ಲ. ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ಆದರೆ ಅದರ ಹಿಂದಿನ ಡ್ರೈವರ್, ಜೊತೆಗಿರುವ ರೆಸಿಸ್ಟರ್, ಬಯಾಸ್ ಎಲ್ಲವನ್ನೂ ಪರೀಕ್ಷಿಸಬೇಕು. ಪರೀಕ್ಷಿಸದೆ ಹೊಸದನ್ನು ಕೂರಿಸಿ ಸ್ವಿಚ್ ಒತ್ತಿದರೆ ಹೊಸದೂ ಕ್ಷಣದಲ್ಲಿ ಸುಡಬಹುದು. ಕೆಲಸ ಬಲ್ಲವರು ಮೊದಲು ಸೀರೀಸ್ ಬಲ್ಬಿನ ಮೂಲಕ ವಿದ್ಯುತ್ ಹರಿಸುತ್ತಾರೆ. ಬಲ್ಬು ಜೋರಾಗಿ ಉರಿಯುತ್ತಲೇ ಇದ್ದರೆ ಶಾರ್ಟ್ ಇನ್ನೂ ಉಳಿದಿದೆ ಎಂದು ಅಲ್ಲಿಗೇ ನಿಲ್ಲಿಸುತ್ತಾರೆ. ಸ್ಪೀಕರಿಗೆ ಡಿ.ಸಿ. ವೋಲ್ಟೇಜು ಹೋಗುತ್ತಿಲ್ಲ ಎಂದು ಮೀಟರಿನಲ್ಲಿ ಖಾತ್ರಿಯಾದ ಮೇಲಷ್ಟೇ ಸ್ಪೀಕರ್ ಜೋಡಿಸುತ್ತಾರೆ. ಇಲ್ಲವಾದರೆ ಅದರ ಕಾಯಿಲ್ಲೂ ಹೋದಂತೆ. ಇದರ ಮೇಲೆ ನಕಲಿ ಮಾಲಿನ ಕಾಟ. 2ಎಸ್‌ಸಿ5200, 2ಎಸ್‌ಎ1943ರಂಥ ಜನಪ್ರಿಯ ಟ್ರಾನ್ಸಿಸ್ಟರುಗಳ ನಕಲುಗಳು ಪೇಟೆಯಲ್ಲಿ ಧಾರಾಳವಾಗಿವೆ. ಅಸಲಿ ಹುಡುಕಲು ಬೆಂಗಳೂರಿನವರಿಗಾದರೂ ಎಸ್.ಪಿ. ರಸ್ತೆಯಿದೆ, ಸಣ್ಣ ಊರಿನವರಿಗೆ ಅದೂ ಇಲ್ಲ.

ಇಷ್ಟೆಲ್ಲ ಮಾಡಿದವರ ಮುಂದೆ ನಾವು, 'ಎರಡು ಟ್ರಾನ್ಸಿಸ್ಟರಿಗೆ ಇಷ್ಟು ದುಡ್ಡಾ?' ಎಂದು ಚೌಕಾಸಿಗೆ ನಿಲ್ಲುತ್ತೇವೆ. ವೈದ್ಯರು ನಾಡಿ ನೋಡಿದ್ದಕ್ಕೇ ಫೀಸು ಕೊಡುವವರಿಗೆ ಇಲ್ಲಿ ಮಾತ್ರ ನೋಡುವುದು ಪುಕ್ಕಟೆಯಾಗಬೇಕು. ಆಗ ಅರ್ಧ ದಿನ ಕೂತು ದೋಷ ಹಿಡಿದವರು ನಷ್ಟಕ್ಕೆ ಬೀಳುತ್ತಾರೆ. 'ಬೋರ್ಡೇ ಹೋಗಿದೆ ಸಾರ್' ಎಂದು ಇಡೀ ಬೋರ್ಡು ಬದಲಿಸುವವರು ಗೆಲ್ಲುತ್ತಾರೆ.

ನಂಬಿಕಸ್ಥರನ್ನು ಗುರುತಿಸುವುದು ಕಷ್ಟವೇನಲ್ಲ. ಕೆಡುವ ಮುಂಚೆ ಏನಾಯಿತು, ಎಷ್ಟು ಸ್ಪೀಕರ್ ಹಾಕಿದ್ದಿರಿ, ವಯರು ಎಲ್ಲಾದರೂ ತಾಗಿತ್ತೇ ಎಂದು ಅವರು ಮೊದಲು ಕೇಳುತ್ತಾರೆ. ಮುಚ್ಚಳ ಬಿಚ್ಚದೆ ರೇಟು ಹೇಳುವುದಿಲ್ಲ. ತೆಗೆದ ಹಳೆಯ ಭಾಗವನ್ನು ಕೈಗಿಡುತ್ತಾರೆ, ಏನು ಹಾಕಿದೆವೆಂದು ಬಿಲ್ಲಿನಲ್ಲಿ ಬರೆಯುತ್ತಾರೆ. ಆ ಬಿಲ್ಲನ್ನು ಬೇಡ ಎನ್ನಬಾರದು. ಹಣ ಕೊಟ್ಟು ಪಡೆದ ರಿಪೇರಿಯೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವೆಯೇ. ಕೆಲಸ ಕೆಟ್ಟರೆ ಜಿಲ್ಲಾ ಆಯೋಗಕ್ಕೆ ಹೋಗಲು ಅದೇ ಆಧಾರ.

ಕಂಪನಿಗಳ ಹೊಣೆ ಇದಕ್ಕಿಂತ ದೊಡ್ಡದು. ಹಿಂದೆ ಎಷ್ಟೋ ರೇಡಿಯೊ, ಆಂಪ್ಲಿಫೈಯರುಗಳ ಜೊತೆಗೇ ಸರ್ಕ್ಯೂಟ್ ನಕ್ಷೆ ಬರುತ್ತಿತ್ತು. ಈಗ ಅದು ಹೊರಗಿನ ರಿಪೇರಿಯವರ ಕೈಗೆ ಸಿಗುವುದೇ ದುರ್ಲಭ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ 'ರಿಪೇರಿಯ ಹಕ್ಕು' ಕುರಿತು ಸಮಿತಿ ನೇಮಿಸಿ, ಅದೇ ವರ್ಷ ಪೋರ್ಟಲ್ಲನ್ನೂ ತೆರೆಯಿತು. ಪೋರ್ಟಲ್ಲಿನಿಂದ ಬೀದಿ ಮೂಲೆಯ ಅಂಗಡಿಯ ಮೇಜಿಗೆ ನಕ್ಷೆ ಬರುವುದಿಲ್ಲ. ನಕ್ಷೆಯನ್ನೂ ಅಸಲಿ ಬಿಡಿಭಾಗವನ್ನೂ ಸ್ವತಂತ್ರ ರಿಪೇರಿಯವರಿಗೆ ಕೊಡಲೇಬೇಕೆಂಬ ಕಾನೂನು ಬರಬೇಕು.

ಕಾನೂನು ಬರುವ ತನಕ ಗ್ರಾಹಕರು ಕಾಯಬೇಕಿಲ್ಲ. 'ನೋಡಲಿಕ್ಕೇ ಇಷ್ಟಾಗುತ್ತದೆ, ಸರಿಹೋದರೂ ಹೋಗದಿದ್ದರೂ' ಎಂದು ಯಾರಾದರೂ ಮೊದಲೇ ಹೇಳಿದರೆ ಮುಖ ಸಿಂಡರಿಸದೆ ಒಪ್ಪಿಕೊಳ್ಳಿ. ರಿಪೇರಿಯಿಂದ ಪ್ರಯೋಜನವಿಲ್ಲ ಎಂಬ ನಿಜವನ್ನು ಧೈರ್ಯವಾಗಿ ಹೇಳಬಲ್ಲವರು ಅವರೇ, ಏಕೆಂದರೆ ಹಾಗೆ ಹೇಳಿದರೂ ಅವರ ಕೂಲಿಗೆ ಮೋಸವಿಲ್ಲ.