ಕದ್ರಾದ ನೀರಿನ ಲೆಕ್ಕ ಹಣಕೋಣಕ್ಕೆ ಯಾಕೆ ಸಿಗಬಾರದು?



ಸೊಸೈಟಿಯಲ್ಲಿ ನಿಮ್ಮ ಸಾಲ ಎಷ್ಟು, ಬಡ್ಡಿ ಎಷ್ಟು, ಕಂತು ಕಟ್ಟುವ ತಾರೀಖು ಯಾವುದು ಎಂಬ ಲೆಕ್ಕ ಪೈಸೆ ತಪ್ಪದೆ ಇರುತ್ತದೆ. ನಾಲ್ಕು ದಿನ ತಡವಾದರೆ ನೋಟೀಸು ಮನೆ ಹುಡುಕಿಕೊಂಡು ಬರುತ್ತದೆ. ಅದೇ ನಿಮ್ಮ ಗದ್ದೆಯ ಮೇಲೆ ಇವತ್ತು ರಾತ್ರಿ ಎಷ್ಟು ನೀರು ಬರಲಿದೆ ಎಂಬ ಲೆಕ್ಕ? ಅದೂ ಸರಕಾರದ ಹತ್ತಿರ ಇದೆ ಸ್ವಾಮಿ. ಆದರೆ ಅದಕ್ಕೆ ಮಾತ್ರ ನಿಮ್ಮ ಮನೆ ದಾರಿ ಗೊತ್ತಿಲ್ಲ.

ಕಾಳಿ ನದಿಯ ವಿಷಯವನ್ನೇ ತೆಗೆದುಕೊಳ್ಳಿ. ಜೋಯಿಡಾದ ದಿಗ್ಗಿಯಲ್ಲಿ ಹುಟ್ಟಿ ಕಾರವಾರದಲ್ಲಿ ಕಡಲು ಸೇರುವ ಈ ಹೊಳೆಗೆ ಮೇಲಿಂದ ಕೆಳಗೆ ಕಟ್ಟೆ ಹಾಕಿದ್ದಾರೆ. ಮೇಲುಗಡೆಯ ಸೂಪಾ ದೊಡ್ಡ ಹಂಡೆ. ಸುಮಾರು 147 ಟಿಎಂಸಿ ಹಿಡಿಯುತ್ತದೆ, ಅಂದರೆ ಕನ್ನಂಬಾಡಿಯ ಸುಮಾರು ಮೂರರಷ್ಟು. ಎಲ್ಲಕ್ಕಿಂತ ಕೆಳಗಿರುವುದು ಕದ್ರಾ. ಅದು ಸಣ್ಣ ಗಿಂಡಿ, ಸೂಪಾದ ಹತ್ತರಲ್ಲಿ ಒಂದು ಪಾಲೂ ಇಲ್ಲ. ಸೂಪಾ ಅರ್ಧ ಖಾಲಿ ಇದ್ದರೂ ಕದ್ರಾ ಸುತ್ತಿನ ಕಾಡಿನಲ್ಲಿ ಎರಡು ದಿನ ಬಿಡದೆ ಮಳೆ ಹೊಯ್ದರೆ ಗಿಂಡಿ ತುಂಬಿತು. ತುಂಬಿದ ಮೇಲೆ ಗೇಟು ತೆಗೆಯದೆ ಗತಿಯಿಲ್ಲ. ತೆಗೆದ ನೀರು ಬರುವುದು ಮಲ್ಲಾಪುರ, ಕೆರವಡಿ, ಹಣಕೋಣ, ಕಿನ್ನರ, ಕಡವಾಡದ ಕಡೆಗೆ. ನಮ್ಮ ಕಡೆಗೆ.

2019ರ ಆಗಸ್ಟಿನಲ್ಲಿ ಬಂತು. 2021ರ ಜುಲೈಯಲ್ಲಿ ಮತ್ತೆ ಬಂತು. ಎರಡೂ ಸಲ ನಾಟಿಯ ದಿನಗಳು. ಉತ್ತು, ಗೊಬ್ಬರ ಹಾಕಿ, ಆಳಿಗೆ ಕೂಲಿ ಕೊಟ್ಟು, ಆ ವರ್ಷದ ಬೆಳೆಸಾಲವೆಲ್ಲ ಮಣ್ಣಿಗೆ ಸುರಿದ ಹೊತ್ತು ಅದು. ಪೈರು ನಾಲ್ಕು ದಿನ ಕೆಸರುನೀರಿನ ಅಡಿಯಲ್ಲಿ ಇದ್ದರೆ ಏನಾಗುತ್ತದೆ ಎಂದು ನಿಮಗೆ ನಾವು ಹೇಳಬೇಕಾಗಿಲ್ಲ. ನೀರು ಇಳಿಯಿತು, ಸಾಲ ಇಳಿಯಲಿಲ್ಲ.

ಎಚ್ಚರಿಕೆ ಕೊಟ್ಟಿದ್ದೇವಲ್ಲ ಎನ್ನುತ್ತಾರೆ ಅಧಿಕಾರಿಗಳು. ನದಿ ದಂಡೆಯ ಜನ ಜಾಗ್ರತೆಯಾಗಿ ಇರತಕ್ಕದ್ದು ಎಂಬ ಒಂದು ಸಾಲು ಎಚ್ಚರಿಕೆ ಇರಬಹುದು, ಅದು ಲೆಕ್ಕ ಅಲ್ಲ. ಎಷ್ಟು ಸಾವಿರ ಕ್ಯೂಸೆಕ್ಸ್, ಯಾವ ಗಂಟೆಗೆ, ಒಳಹರಿವು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ಲೆಕ್ಕ. ಒಂದು ಲಕ್ಷ ಕ್ಯೂಸೆಕ್ಸ್ ಬಿಟ್ಟರೆ ಮೂರು ಗಂಟೆಯೊಳಗೆ ಒಂದು ಟಿಎಂಸಿ ನಮ್ಮ ಮೇಲೆ ಹಾಯುತ್ತದೆ. ಇಪ್ಪತ್ತು ಸಾವಿರ ಬಿಟ್ಟರೆ ಅಷ್ಟೇ ನೀರಿಗೆ ಹದಿನಾಲ್ಕು ಗಂಟೆ ಬೇಕು. ಈ ಎರಡಕ್ಕೂ ಒಂದೇ ‘ಜಾಗ್ರತೆ’ ಸಾಕೇ? ಒಂದರಲ್ಲಿ ಪಂಪುಸೆಟ್ಟು ಬಿಚ್ಚಿ, ದನ ಬಿಟ್ಟು, ಭತ್ತದ ಮೂಟೆ ಅಟ್ಟಕ್ಕೆ ಏರಿಸಲು ಹೊತ್ತು ಸಿಗುತ್ತದೆ. ಇನ್ನೊಂದರಲ್ಲಿ ಮಕ್ಕಳನ್ನು ಎತ್ತಿಕೊಂಡು ಓಡಬೇಕು.

ಇದಕ್ಕೆ ಭರತ-ಇಳಿತ ಸೇರಿಸಿ. ಹಣಕೋಣದವರಿಗೆ ಗೊತ್ತು, ಕಡಲು ಹೊಳೆಯೊಳಗೆ ಉಸಿರಾಡುವ ಊರು ಇದು. ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಭರತದ ಹೊತ್ತಿಗೆ ಕದ್ರಾದ ನೀರು ಬಂದರೆ ಕಡಲು ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ನೀರು ಗದ್ದೆಗೆ ಹರಡುತ್ತದೆ. ಭರತದ ವೇಳಾಪಟ್ಟಿಯಂತೂ ವರ್ಷದ ಮೊದಲೇ ಅಚ್ಚಾಗಿರುತ್ತದೆ. ಮಳೆಯ ಲೆಕ್ಕ ಒಂದು ಇಲಾಖೆಯಲ್ಲಿ, ಗೇಟಿನ ಲೆಕ್ಕ ವಿದ್ಯುತ್ ನಿಗಮದಲ್ಲಿ, ಭರತದ ಲೆಕ್ಕ ಬಂದರಿನಲ್ಲಿ. ಮೂರನ್ನೂ ಒಂದು ಹಲಗೆಯ ಮೇಲೆ ಬರೆಯುವವರು ಮಾತ್ರ ಯಾರೂ ಇಲ್ಲ.

ಕೇಳುವುದಕ್ಕೆ ನಮಗೇನು ಹಕ್ಕು ಎಂದು ಹಿಂಜರಿಯಬೇಡಿ. ಅಣೆಕಟ್ಟೆಗಳ ಸುರಕ್ಷತೆಗೆ ಪಾರ್ಲಿಮೆಂಟು 2021ರಲ್ಲಿ ಒಂದು ಕಾನೂನು ಮಾಡಿದೆ. ಕಟ್ಟೆಯ ಒಡೆಯರು ಮಳೆ ಮತ್ತು ಹರಿವು ಅಳೆಯುವ ವ್ಯವಸ್ಥೆ ಇಡಬೇಕು, ನೆರೆಯ ಮುನ್ಸೂಚನೆ ಕೊಡಬೇಕು. ಎಷ್ಟು ನೀರು ಬರಬಹುದು, ಎಷ್ಟು ಬಿಡಬಹುದು, ಅದರಿಂದ ಕೆಳಗಿನವರಿಗೆ ಏನು ಹಾನಿ ಎಂಬುದನ್ನು ಅಧಿಕಾರಿಗಳಿಗಷ್ಟೇ ಅಲ್ಲ, ಸಾರ್ವಜನಿಕರಿಗೂ ತಿಳಿಸಬೇಕು ಎಂದು ಅದರಲ್ಲೇ ಬರೆದಿದೆ. 2005ರ ಮಾಹಿತಿ ಹಕ್ಕು ಕಾನೂನು ಕೂಡ, ಯಾರೂ ಕೇಳದೆಯೇ ಕಚೇರಿಗಳು ಜನರ ಮುಂದೆ ಇಡಬೇಕಾದ ಮಾಹಿತಿ ಇದೆ ಎನ್ನುತ್ತದೆ. ಹೀಗಾಗಿ ನಾವು ಬೇಡುತ್ತಿರುವುದು ಭಿಕ್ಷೆ ಅಲ್ಲ.

ಹಣ ಇಲ್ಲ ಎಂಬ ಮಾತೂ ನಡೆಯುವುದಿಲ್ಲ. ನೀರು ಅಳೆಯುವುದಕ್ಕೆ, ಅಳೆದದ್ದನ್ನು ಹಂಚುವುದಕ್ಕೆ ಎಂದೇ 2016ರಲ್ಲಿ ಕೇಂದ್ರ ಸರಕಾರ ರಾಷ್ಟ್ರೀಯ ಜಲವಿಜ್ಞಾನ ಯೋಜನೆಗೆ ಸುಮಾರು 3,680 ಕೋಟಿ ರೂಪಾಯಿ ಮಂಜೂರು ಮಾಡಿತು. ಅರ್ಧದಷ್ಟು ವಿಶ್ವ ಬ್ಯಾಂಕಿನ ಸಾಲ. ಆ ಸಾಲದ ಕಂತು ಯಾರ ಬೆವರಿನಿಂದ ಹೋಗುತ್ತದೆ ಎಂದು ಯೋಚಿಸಿ. 2020ರಲ್ಲಿ ಜಾರಿಗೆ ಬಂದ ಅಟಲ್ ಭೂಜಲ ಯೋಜನೆಯಲ್ಲಂತೂ 6,000 ಕೋಟಿ. ಅಂತರ್ಜಲದ ಅಂಕಿಯನ್ನು ಜನರ ಮುಂದೆ ಇಟ್ಟ ರಾಜ್ಯಕ್ಕೆ ಹಣ, ಪಂಚಾಯ್ತಿ ಮಟ್ಟದಲ್ಲಿ ನೀರಿನ ಆಯವ್ಯಯ ಬರೆದರೆ ಹಣ, ಇದು ಅದರ ಷರತ್ತು. ಒಳ್ಳೆಯ ಷರತ್ತೇ. ಕರ್ನಾಟಕದ 41 ತಾಲೂಕುಗಳು ಅದರಲ್ಲಿ ಬಂದವು. ಕರಾವಳಿಯ ಒಂದೂ ಬರಲಿಲ್ಲ.

ಅಲ್ಲಿ ಮಳೆ ಬೇಕಾದಷ್ಟು ಬೀಳುತ್ತದಲ್ಲ ಎಂದು ಕೂತಲ್ಲೇ ತೀರ್ಮಾನ. ಬೀಳುತ್ತದೆ, ನಿಜ. ವರ್ಷಕ್ಕೆ ಸುಮಾರು 3,000 ಮಿ.ಮೀ. ಎಂದರೆ ಒಂದು ಎಕರೆಯ ಮೇಲೆ ಒಂದು ಕೋಟಿ ಇಪ್ಪತ್ತು ಲಕ್ಷ ಲೀಟರು. ಏಪ್ರಿಲ್‌ನಲ್ಲಿ ಬಾವಿಗೆ ಕೊಡ ಇಳಿಸಿ ನೋಡಿ. ಚಿರೆಕಲ್ಲಿನ ನೆಲ ಕುಡಿದ ನೀರನ್ನು ಇಟ್ಟುಕೊಳ್ಳುವುದಿಲ್ಲ, ಹೊಳೆಗೆ ಬಿಟ್ಟುಬಿಡುತ್ತದೆ. ಆಗ ಕದ್ರಾ ವಿದ್ಯುದಾಗಾರದಿಂದ ಬರುವ ಸಿಹಿನೀರು ಕಡಿಮೆಯಾದರೆ ಉಪ್ಪು ಹೊಳೆಯಲ್ಲಿ ಮೇಲಕ್ಕೆ ಏರುತ್ತದೆ. ದಂಡೆಯ ಬಾವಿ ಸಪ್ಪೆಯಾಗಿ, ಆಮೇಲೆ ಉಪ್ಪಾಗಿ ತಿರುಗುವುದು ಹೀಗೆ. ವಿದ್ಯುತ್ತಿನ ಬೇಡಿಕೆ ನೋಡಿ ನೀರು ಬಿಡುವ ನಿಗಮಕ್ಕೆ ನಮ್ಮ ಬಾವಿಯ ಉಪ್ಪಿನ ಲೆಕ್ಕ ಕೊಟ್ಟವರು ಯಾರು? ಬೆಂಗಳೂರಿನ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ದಿನಾ ಹೊರಡಿಸುವ ಮುಖ್ಯ ಜಲಾಶಯಗಳ ಪಟ್ಟಿಯಲ್ಲಿ ಸೂಪಾ ಇದೆ, ಕದ್ರಾ ಇಲ್ಲ. ರಾಜಧಾನಿಗೆ ಬೇಕಾದ್ದು ಹಂಡೆಯ ಲೆಕ್ಕ. ನಮಗೆ ಬೇಕಾದ್ದು ಗಿಂಡಿಯದು.

ಇನ್ನು ವಿಮೆ. ನಮ್ಮ ಜಿಲ್ಲೆಯ ಅಡಿಕೆ, ಕಾಳುಮೆಣಸಿಗೆ ಹವಾಮಾನ ಆಧಾರಿತ ವಿಮೆ ಇದೆ. ಪರಿಹಾರ ನಿಮ್ಮ ತೋಟದ ಕೊಳೆರೋಗ ನೋಡಿ ಬರುವುದಿಲ್ಲ, ಪಂಚಾಯ್ತಿಯ ಮಳೆಮಾಪಕ ಯಂತ್ರದ ಅಂಕಿ ನೋಡಿ ಬರುತ್ತದೆ. ಆ ಯಂತ್ರ ಸರಿ ಇದೆಯೇ, ಇವತ್ತು ಎಷ್ಟು ಬರೆದಿದೆ ಎಂದು ಎಷ್ಟು ಜನ ನೋಡಿದ್ದೀರಿ? ಕಂತು ಕಟ್ಟುವುದು ನೀವು, ಅಂಕಿ ಓದುವುದು ಕಂಪನಿ. ಭತ್ತದ ಕತೆ ಬೇರೆ. ಗದ್ದೆ ನೀರಿನಲ್ಲಿ ಮುಳುಗಿದ್ದಕ್ಕೆ ಕೊಡುತ್ತಿದ್ದ ಪರಿಹಾರವನ್ನು ಪ್ರಧಾನಮಂತ್ರಿ ಫಸಲು ವಿಮೆಯಿಂದ 2018ರಲ್ಲಿ ತೆಗೆದರು. 2026ರ ಮುಂಗಾರಿನಿಂದ ಮತ್ತೆ ಸೇರಿಸುವುದಾಗಿ 2025ರ ನವೆಂಬರಿನಲ್ಲಿ ಕೇಂದ್ರ ಪ್ರಕಟಿಸಿತು. 72 ಗಂಟೆಯೊಳಗೆ ಹಾನಿ ತಿಳಿಸಬೇಕು. ಅಂಥ ಹೊತ್ತಿನಲ್ಲಿ ಕದ್ರಾದಿಂದ ಇಂಥ ದಿನ ಇಷ್ಟು ಗಂಟೆಗೆ ಇಷ್ಟು ನೀರು ಬಿಟ್ಟರು ಎಂಬ ಚೀಟಿ ನಿಮ್ಮ ಕೈಲಿದ್ದರೆ ಅದು ಸಾಕ್ಷಿ.

ಲೆಕ್ಕ ಇನ್ನೊಬ್ಬರ ಕೈಯಲ್ಲಿ ಇದ್ದರೆ ಏನಾಗುತ್ತದೆ ಎಂಬುದನ್ನು ರೈತ ಚಳವಳಿ ಮೊದಲಿನಿಂದ ಕಂಡಿದೆ. 1980ರ ಜುಲೈ 21ರಂದು ನರಗುಂದದಲ್ಲಿ, ನವಲಗುಂದದಲ್ಲಿ ರೈತರು ಬೀದಿಗಿಳಿದದ್ದು ಯಾಕೆ? ಮಲಪ್ರಭೆಯ ನೀರು ಸರಿಯಾಗಿ ತಲುಪದ ಹೊಲಕ್ಕೂ ಸರಕಾರಿ ದಫ್ತರದಲ್ಲಿ ನೀರಾವರಿ ಎಂದು ಬರೆದು ಕರ ಕೇಳಿದ್ದಕ್ಕೆ. ಗುಂಡು ಹಾರಿತು, ಜೀವ ಹೋಯಿತು. ಅಲ್ಲಿ ಬಾರದ ನೀರಿಗೆ ಲೆಕ್ಕ ಬರೆದರು. ಇಲ್ಲಿ ಬಂದ ನೀರಿನ ಲೆಕ್ಕ ತೋರಿಸುವುದಿಲ್ಲ.

ಅಂಕಿ ಕೊಟ್ಟರೆ ಜನ ಗಾಬರಿಯಾಗುತ್ತಾರೆ ಎಂಬುದು ಕಚೇರಿಯ ಹಳೆಯ ಉತ್ತರ. ಮಾರ್ಕೆಟ್ಟಿನಲ್ಲಿ ಕ್ವಿಂಟಾಲಿಗೆ ಸಾವಿರ ರೂಪಾಯಿ ಬಿದ್ದ ಸುದ್ದಿ ಕೇಳಿಯೂ ಮರುದಿನ ತೋಟಕ್ಕೆ ಹೋಗುವ ಜನ ನಾವು. ನಾಲ್ಕು ಅಂಕಿ ಕೇಳಿ ಸಾಯುವುದಿಲ್ಲ.

ಇದೇ ಮಾತು ನಮ್ಮ ಮೇಲೂ ತಿರುಗುತ್ತದೆ. ಬೋರು ಎಷ್ಟು ಅಡಿ ಹೋಯಿತು ಎಂದು ಪಕ್ಕದವನಿಗೆ ಹೇಳದವರು ನಮ್ಮಲ್ಲೇ ಎಷ್ಟು ಜನ! ಜಮೀನು, ಪಂಪು ಎರಡೂ ಇದ್ದವರು ರಾತ್ರಿಯಿಡೀ ಎತ್ತಿದರೆ ಬೆಳಿಗ್ಗೆ ಖಾಲಿಯಾಗುವುದು ಕೆಳಗಿನ ಮನೆಯ ಬಾವಿ. ಕೇರಿಗೆ ಎರಡು ಬಾವಿ ಆರಿಸಿ, ತಿಂಗಳಿಗೊಮ್ಮೆ ಹಗ್ಗ ಬಿಟ್ಟು ಅಳೆದು ಶಾಲೆಯ ಮಕ್ಕಳ ಕೈಯಲ್ಲಿ ನೋಟುಬುಕ್ಕಿನಲ್ಲಿ ಬರೆಸಿ. ಖರ್ಚಿಲ್ಲದ ಕೆಲಸ. ನಮ್ಮ ಲೆಕ್ಕ ಬಚ್ಚಿಟ್ಟು ಅವರ ಲೆಕ್ಕ ಕೇಳಿದರೆ ಸೊಲ್ಲು ಗಟ್ಟಿಯಾಗಿ ಬರುವುದಿಲ್ಲ.

ಸುಮಾರು ಹದಿನೈದು ವರ್ಷದ ಹಿಂದೆ ಕಲ್ಲಿದ್ದಲು ವಿದ್ಯುತ್ ಸ್ಥಾವರ ಹೂಡಲು ಬಂದಾಗ ಎದ್ದು ನಿಂತ ಊರು ಹಣಕೋಣ. ಸ್ಥಾವರ ಬರಲಿಲ್ಲ. ಅಷ್ಟು ದೊಡ್ಡದನ್ನು ಕೇಳಿದವರಿಗೆ ಒಂದು ಕರಿಹಲಗೆ ಕೇಳುವುದು ಕಷ್ಟವಲ್ಲ.

ಮುಂದಿನ ಗ್ರಾಮಸಭೆಯಲ್ಲಿ ಠರಾವು ಮಾಡಿ. ಮಳೆಗಾಲದ ನಾಲ್ಕು ತಿಂಗಳು ದಿನಕ್ಕೆ ಎರಡು ಸಲ ಕದ್ರಾದ ಮಟ್ಟ, ಒಳಹರಿವು, ಹೊರಹರಿವು, ಅಂದಿನ ಭರತದ ಹೊತ್ತು, ಪಂಚಾಯ್ತಿ ಮಳೆಮಾಪಕದ ಅಂಕಿ ಇವೆಲ್ಲ ಪಂಚಾಯ್ತಿ ಕಟ್ಟೆಯ ಹಲಗೆಯ ಮೇಲೆ ಕನ್ನಡದಲ್ಲಿ ಬರಬೇಕು. ಗೇಟು ತೆಗೆಯುವ ಮೊದಲು ಎಷ್ಟು ಕ್ಯೂಸೆಕ್ಸ್ ಎಂದು ಹೇಳಿಯೇ ಸೈರನ್ ಊದಬೇಕು. ಬೇಸಿಗೆಯಲ್ಲಿ ಹೊಳೆಯ ಉಪ್ಪು ಅಳೆದು ತಿಳಿಸಬೇಕು. ಠರಾವಿನ ಜೊತೆ ಜಿಲ್ಲಾಧಿಕಾರಿಗಳಿಗೆ ಮತ್ತು ವಿದ್ಯುತ್ ನಿಗಮಕ್ಕೆ ಅರ್ಜಿ ಕೊಡಿ, 2021ರ ಕಾನೂನಿನ ಹೆಸರು ಅದರಲ್ಲಿ ಇರಲಿ. ಎರಡು ಪ್ರತಿ ಬರೆಯಿರಿ, ಒಂದರ ಮೇಲೆ ಮೊಹರು, ತಾರೀಖು ಹಾಕಿಸಿಕೊಂಡೇ ಕಚೇರಿಯಿಂದ ಇಳಿಯಿರಿ.