ವಾಯುಪ್ರಕರಣ

ಸಭ್ಯರು ಸಭೆಯಲ್ಲಿ ಎತ್ತಬಾರದ ವಿಷಯಗಳ ಪಟ್ಟಿಯೊಂದನ್ನು ಮಾಡಿದರೆ ಉದರವಾಯುವಿಗೆ ಅದರಲ್ಲಿ ಅಗ್ರಸ್ಥಾನ ದೊರೆಯುವುದು ನಿಶ್ಚಯ. ಆದರೂ ನಮ್ಮ ಊರುಗಳಲ್ಲಿ ನಡುವಯಸ್ಸಿನವರಿಬ್ಬರು ಕೂಡಿದರೆ ಮಳೆಬೆಳೆಯ ಮಾತು ಮುಗಿಯುವ ಮೊದಲೇ ‘ಗ್ಯಾಸ್ಟ್ರಿಕ್’ ಪ್ರವೇಶಮಾಡುತ್ತದೆ. ಇಂಗ್ಲಿಷಿನಲ್ಲಿ ಅದೊಂದು ಬಡ ಗುಣವಾಚಕ. ‘ಜಠರದ’ ಎಂದಷ್ಟೇ ಅದರ ಅರ್ಥ. ನಾವು ಅದನ್ನು ನಾಮಪದವಾಗಿಸಿ, ರೋಗವಾಗಿಸಿ, ಕಡೆಗೆ ಮನೆಯವರಲ್ಲೊಬ್ಬನನ್ನಾಗಿ ಮಾಡಿಕೊಂಡಿದ್ದೇವೆ. ಹೊಟ್ಟೆ ಉಬ್ಬಿದರೂ ಗ್ಯಾಸ್ಟ್ರಿಕ್, ಎದೆ ಉರಿದರೂ ಗ್ಯಾಸ್ಟ್ರಿಕ್; ತಲೆ ಸುತ್ತಿದರೂ, ಬೆನ್ನು ಹಿಡಿದರೂ ಅದೇ.

ಈ ಮಾತಿನ ಮೇಲೆ ನನಗಿರುವ ಅಸಮಾಧಾನ ಕೇವಲ ಭಾಷಾಭಿಮಾನದ್ದಲ್ಲ. ನಮ್ಮ ಅಜ್ಜಿಯರ ಬಾಯಲ್ಲಿ ಹೊಟ್ಟೆಯುಬ್ಬರ ಬೇರೆ, ಹುಳಿತೇಗು ಬೇರೆ, ಎದೆಯುರಿ ಬೇರೆ, ಹೊಟ್ಟೆನುಲಿತ ಬೇರೆ. ಒಂದೊಂದು ನೋವಿಗೆ ಒಂದೊಂದು ಹೆಸರು, ಒಂದೊಂದು ಹೆಸರಿಗೆ ಒಂದೊಂದು ಉಪಚಾರ. ಆ ವಿವೇಚನೆಯನ್ನೆಲ್ಲ ನಾವು ಒಂದೇ ಚೀಲದಲ್ಲಿ ತುಂಬಿ ಬಾಯಿ ಕಟ್ಟಿಬಿಟ್ಟಿದ್ದೇವೆ. ‘ಗ್ಯಾಸ್’ ಎಂಬ ಪದವನ್ನು 17ನೆಯ ಶತಮಾನದಲ್ಲಿ ಟಂಕಿಸಿದವನು ಫ್ಲಾಂಡರ್ಸಿನ ರಸಾಯನಜ್ಞ ವಾನ್ ಹೆಲ್ಮಾಂಟ್. ಗ್ರೀಕರ ‘ಕೇಯಾಸ್’ ಎಂಬ ಮಾತಿನಿಂದ ಅವನು ಅದನ್ನು ರೂಪಿಸಿದನು. ಗಲಿಬಿಲಿ ಅದರ ಹುಟ್ಟುಗುಣವೆಂದೇ ಹೇಳಬೇಕು.

ಔಷಧದಂಗಡಿಯಲ್ಲಿ ‘ಗ್ಯಾಸಿಗೆ ಒಂದು ಮಾತ್ರೆ ಕೊಡಿ’ ಎಂದು ಕೇಳಿನೋಡಿ. ಬಹಳಮಟ್ಟಿಗೆ ಕೈಗೆ ಬರುವುದು ಪ್ಯಾಂಟೊಪ್ರಜೋಲ್. ಅದು ಜಠರದಲ್ಲಿ ಆಮ್ಲವನ್ನು ಸುರಿಸುವ ಕಣಗಳ ಕೆಲಸವನ್ನು ತಡೆಯತಕ್ಕದ್ದು. ಎದೆಯುರಿಗೆ, ಹುಣ್ಣಿಗೆ ಒಳ್ಳೆಯ ಮದ್ದು. ವಾಯುವಿಗೂ ಅದಕ್ಕೂ ನೇರವಾದ ನಂಟಿಲ್ಲ. ಇನ್ನು ನೀರಿಗೆ ಹಾಕಿದೊಡನೆ ಬುಸುಗುಟ್ಟುವ ಪುಡಿಯ ಕಥೆ ಮತ್ತೂ ಸ್ವಾರಸ್ಯವಾದುದು. ಅಡಿಗೆಸೋಡವೂ ಹುಳಿಯುಪ್ಪೂ ಕೂಡಿದಾಗ ಹೊರಡುವುದು ಇಂಗಾಲದ ಡೈಆಕ್ಸೈಡು. ಗಾಳಿಯನ್ನು ಹೊರಡಿಸಲು ಇನ್ನಷ್ಟು ಗಾಳಿಯನ್ನು ಒಳಕ್ಕೆ ಕಳುಹುವ ಯುಕ್ತಿಯಿದು. ಕುಡಿದವನಿಗೆ ದೊಡ್ಡದೊಂದು ತೇಗು ಬರುತ್ತದೆ. ತನ್ನ ವ್ಯಾಧಿಯೇ ಹೊರಟುಹೋಯಿತೆಂದು ಅವನು ನಂಬುತ್ತಾನೆ. ಹೋದದ್ದು ಆಗತಾನೆ ಕುಡಿದ ಗಾಳಿಯೆಂದು ಅವನಿಗೆ ಹೇಳುವವರಾರು? ಅದರಲ್ಲಿರುವ ಸೋಡಿಯಂ ರಕ್ತದೊತ್ತಡವುಳ್ಳವರಿಗೆ ಹಿತವಲ್ಲವೆಂಬುದು ಬೇರೆ ಮಾತು.

ಉಬ್ಬರಕ್ಕೆಂದೇ ಇರುವ ಮದ್ದು ಸಿಮೆಥಿಕೋನ್. ಸಿಲಿಕೋನ್ ಎಣ್ಣೆಯಲ್ಲಿ ನುಣ್ಣನೆಯ ಸಿಲಿಕಾ ಪುಡಿಯನ್ನು ಬೆರೆಸಿ ಅದನ್ನು ಮಾಡುತ್ತಾರೆ. ಕರುಳಿನಲ್ಲಿ ನೊರೆಯಾಗಿ ಸಿಕ್ಕಿಕೊಂಡಿರುವ ಗುಳ್ಳೆಗಳ ಮೇಲ್ಮೈಸೆಳೆತವನ್ನು ಅದು ತಗ್ಗಿಸುತ್ತದೆ. ಚಿಕ್ಕ ಗುಳ್ಳೆಗಳು ಒಡೆದು ದೊಡ್ಡವಾಗಿ ಕೂಡಿ ಸುಲಭವಾಗಿ ದಾರಿ ಹಿಡಿಯುತ್ತವೆ. ಅದು ರಕ್ತವನ್ನು ಸೇರದೆ ಬಂದಂತೆಯೇ ಹೊರಟುಹೋಗುತ್ತದೆ. ಇಷ್ಟು ನಿರುಪದ್ರವಿಯಾದ ಅತಿಥಿ ಅಪೂರ್ವ! ಆದರೆ ವಾಯುವಿನ ಉತ್ಪತ್ತಿಯನ್ನು ಅದು ಕಡಮೆಮಾಡಲಾರದು. ದರ್ಶಕನಳಿಗೆಯನ್ನು ಹೊಟ್ಟೆಗಿಳಿಸುವ ಮುನ್ನ ನೊರೆ ತಿಳಿಯಾಗಲೆಂದು ವೈದ್ಯರು ಅದನ್ನು ಕುಡಿಸುವುದುಂಟು; ಅಲ್ಲಿ ಅದರ ಫಲ ಕಣ್ಣಿಗೆ ಕಾಣುತ್ತದೆ. ಹಸುಗೂಸುಗಳ ಹೊಟ್ಟೆನೋವಿಗೆ ಕೊಟ್ಟು ನೋಡಿದ ಪರೀಕ್ಷೆಗಳಲ್ಲಿಯಾದರೋ ಹುಸಿಮದ್ದಿಗಿಂತ ಅದು ಮೇಲೆನಿಸಲಿಲ್ಲ. ಊಟವಾದಮೇಲೆ ಉಬ್ಬರಿಸಿದವನು ಒಂದು ಮಾತ್ರೆ ನುಂಗಿದರೆ ನನ್ನ ಆಕ್ಷೇಪಣೆಯಿಲ್ಲ. ವರುಷವಿಡೀ ನುಂಗುವವನನ್ನು ಕಂಡರೆ ಮಾತ್ರ ಅಳುಕಾಗುತ್ತದೆ.

ವಾಯು ಇರುವುದೇ ರೋಗವಲ್ಲ. 1991ರಲ್ಲಿ ಇಂಗ್ಲೆಂಡಿನ ಸಂಶೋಧಕರು ಹತ್ತು ಮಂದಿ ಆರೋಗ್ಯವಂತರಿಗೆ ದಿನದ ಊಟದ ಜೊತೆಗೆ 200 ಗ್ರಾಂ ಬೇಯಿಸಿದ ಕಾಳನ್ನು ತಿನ್ನಿಸಿ, ಹೊರಬಂದ ವಾಯುವನ್ನು ಅಳೆದರು. 24 ಗಂಟೆಗೆ 476ರಿಂದ 1491 ಮಿಲಿಲೀಟರಿನವರೆಗೆ ಬಂತು. ಕಾಳುಗಳಲ್ಲಿರುವ ರಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳನ್ನು ಒಡೆಯುವ ಕಿಣ್ವ ಮನುಷ್ಯನಲ್ಲಿಲ್ಲ. ದೊಡ್ಡಕರುಳಿನ ಸೂಕ್ಷ್ಮಜೀವಿಗಳು ಅವನ್ನು ಹುದುಗಿಸಿ ಹೈಡ್ರೊಜನ್ ಮೊದಲಾದುವನ್ನು ಹುಟ್ಟಿಸುತ್ತವೆ. ಇವಕ್ಕೆ ವಾಸನೆಯಿಲ್ಲ, ಅಪಕೀರ್ತಿಯೆಲ್ಲ ಲೇಶಮಾತ್ರದ ಗಂಧಕದ ಸಂಯುಕ್ತಗಳದು. ಅನ್ನದಲ್ಲಿ ಬೆರೆಸಿ ತಿಂದರೆ ಇದನ್ನು ಸುಗಂಧವಾಗಿಸುವ ಮದ್ದೊಂದನ್ನು ಕಂಡುಹಿಡಿಯಿರೆಂದು ಬೆಂಜಮಿನ್ ಫ್ರಾಂಕ್ಲಿನ್ 1781ರ ಸುಮಾರಿನಲ್ಲಿ ವಿದ್ವತ್ಪರಿಷತ್ತಿಗೆ ಪರಿಹಾಸದ ಓಲೆಯೊಂದನ್ನು ಬರೆದಿದ್ದನು. ಪರಿಷತ್ತುಗಳು ಈವರೆಗೆ ಆ ಕೆಲಸಕ್ಕೆ ಕೈಹಾಕಿದಂತಿಲ್ಲ.

ಕಾಳನ್ನು ರಾತ್ರಿಯೆಲ್ಲ ನೆನೆಹಾಕಿ ಆ ನೀರನ್ನು ಚೆಲ್ಲುವ ನಮ್ಮ ಹೆಂಗಸರು ಹೆಸರು ತಿಳಿಯದೆಯೇ ಆ ಸಕ್ಕರೆಗಳಲ್ಲಿ ಒಂದಷ್ಟನ್ನು ಚೆಲ್ಲುತ್ತಿದ್ದರು. ಮೊಳಕೆ ಬರಿಸಿದರೆ ಇನ್ನಷ್ಟು ಇಳಿಯುತ್ತದೆ. ಅವರೆಯ ಹುಳಿಗೆ ಇಂಗಿನ ಒಗ್ಗರಣೆ ಬಿದ್ದದ್ದೂ ಬರಿಯ ಪರಿಮಳಕ್ಕಾಗಿ ಅಲ್ಲ. ಆ ಇಂಗಾದರೋ ತಲೆತಲಾಂತರದಿಂದ ಅಫ್ಘಾನಿಸ್ತಾನದ ಕಡೆಯಿಂದ ಬರಬೇಕಾಗಿತ್ತು. ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಅದರ ಸಸಿಯನ್ನು ನೆಟ್ಟದ್ದು 2020ರಲ್ಲಿ.

ಹೆಸರೊಂದು ತಪ್ಪಿದರೆ ಆಗುವ ಹಾನಿಯೇನು ಎಂದು ವಾಚಕರು ಕೇಳಬಹುದು. ನಮ್ಮ ಬೀದಿಯ ಹಿರಿಯರೊಬ್ಬರಿಗೆ ಒಂದು ಸಂಜೆ ಎದೆ ಬಿಗಿದು ಮೈ ಬೆವೆತಿತು. ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ಸೋಡ ಕುಡಿದರು. ತೇಗು ಬಂತು, ಸಮಾಧಾನವಾಯಿತೆಂದು ಮಲಗಿದರು. ಬೆಳಿಗ್ಗೆ ಏಳಲಿಲ್ಲ. ಹೃದಯಾಘಾತದ ನೋವು ಎಷ್ಟೋ ವೇಳೆ ಮೇಲ್ಹೊಟ್ಟೆಯ ಭಾರದಂತೆಯೇ ತೋರುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ, ಹೆಂಗಸರಲ್ಲಿ ವಿಶೇಷವಾಗಿ ಹೀಗೆ ವೇಷಮರೆಸಿಕೊಂಡು ಬರುವುದುಂಟು. ಐವತ್ತು ದಾಟಿದ ಹೆಂಗಸಿಗೆ ಹೊಸದಾಗಿ ಬಂದ ಉಬ್ಬರ ವಾರಗಟ್ಟಲೆ ಇಳಿಯದಿದ್ದರೆ ಅದು ಅಂಡಾಶಯದ ಗಂತಿಯ ಮೊದಲ ಸುಳಿವೂ ಆಗಿರಬಹುದು. ಇವರೆಲ್ಲರೂ ಅಂಗಡಿಯ ಮುಂದೆ ಹೇಳುವುದು ಅದೇ ಒಂದು ಮಾತನ್ನು; ಪಡೆಯುವುದು ಅದೇ ಒಂದು ಹಾಳೆ ಮಾತ್ರೆಯನ್ನು.

ಮಾತ್ರೆಯನ್ನು ಎಣಿಸಿಕೊಡುವ ಆ ಹುಡುಗ ಚಿಲ್ಲರೆ ಕೇಳುವ ಮುನ್ನ ‘ಉರಿಯೋ, ಉಬ್ಬರವೋ, ಬಿಗಿತವೋ? ಎಷ್ಟು ದಿನದಿಂದ?’ ಎಂದು ಕೇಳುವಂತಾಗಲಿ. ಬಿಗಿತವೆಂದು ಉತ್ತರ ಬಂದರೆ ಮಾತ್ರೆಯನ್ನು ಕೊಡದೆ ಆಟೋ ಕರೆಯಲಿ.